ಪುಡಿಯವನ ಬಾಗಿಲಲ್ಲಿ ಕೂತ ದೊಡ್ಡಮ್ಮ

ಬಾಳೆಗೊನೆ ಹೊತ್ತು ಹೊತ್ತು ದೊಡ್ಡಮ್ಮನ ಸೀರೆ ಎಡಭುಜದ ಮೇಲೆ ಕಪ್ಪಿಟ್ಟಿತ್ತು. ಬಾಳೆಯ ಕರೆ ಒಗೆದರೆ ಹೋಗುವಂಥದ್ದಲ್ಲ. ಸ್ವಂತ ದೊಡ್ಡಮ್ಮನೇನಲ್ಲ, ಬುಕ್ಕಸಾಗರದಲ್ಲಿ ನಮ್ಮ ಪಕ್ಕದ ಮನೆಯವಳು. ಮಂಗಳವಾರ ಮಾತ್ರ ಕೂಲಿಗೆ ಹೋಗುತ್ತಿರಲಿಲ್ಲ. ಬುತ್ತಿ ಕಟ್ಟಿಕೊಂಡು ಕಂಪ್ಲಿಗೆ ಹೋಗಿ, ಕುಡಿತ ಬಿಡಿಸುವ ಪುಡಿಯನ್ನು ಆ ದಿನ ಮಾತ್ರ ಮಾರುವವನ ಬಾಗಿಲಲ್ಲಿ ಕೂರುತ್ತಿದ್ದಳು.

ಅವನ ಮನೆ ಹಾಳಾಗ! ಆ ಪುಡಿಯನ್ನು ದೊಡ್ಡಮ್ಮ ಮಗನಿಗೆ ಗೊತ್ತಾಗದಂತೆ ಸಾರಿನಲ್ಲಿ ಕಲೆಸಿದ್ದಳು. ಉಂಡವನು ಎಂದಿನಂತೆ ಹೋಗಿ ಕುಡಿದ, ಎದೆ ಹಿಡಿದುಕೊಂಡು ಬಿದ್ದ, ಆಸ್ಪತ್ರೆ ಮುಟ್ಟಲಿಲ್ಲ. ಪುಡಿಯವನು ಪಥ್ಯ ಮಾಡಿಲ್ಲ ಅಂದು ಜಾರಿಕೊಂಡ. ಪೊಲೀಸರ ಹತ್ತಿರ ಹೋಗೋಣವೆಂದರೆ ಸಾರಿಗೆ ಹಾಕಿದ ಕೈ ಅವಳದೇ. ಅದಕ್ಕೇ ಅವನ ಬಾಗಿಲು ಹಿಡಿದಳು.

ಇದೊಂದೂ ಆಗ ಗೊತ್ತಿಲ್ಲದೆ, ನನ್ನ ಗಂಡನ ಕುಡಿತ ಮಿತಿಮೀರಿದಾಗ ನಾನೂ ಕದ್ದು ಅಲ್ಲಿಗೆ ಹೋದೆ. ಪೊಟ್ಟಣ ಸೆರಗಿಗೆ ಕಟ್ಟಿಕೊಳ್ಳುವಷ್ಟರಲ್ಲಿ ದೊಡ್ಡಮ್ಮ ಕಿತ್ತುಕೊಂಡಳು.

"ಗಂಡನ್ನ ಕೊಲ್ತೀಯೇನವ್ವ? ನನ್ ಮಗ ಸತ್ತಿದ್ದು ಇದರಿಂದಾನ. ಹೊಸಪ್ಯಾಟಿ ಸರ್ಕಾರಿ ದವಾಖಾನಿಗೆ ನಡಿ."

"ಅಲ್ಲಿ ಹುಚ್ಚರ ಡಾಕ್ಟ್ರಂತಲ್ಲ ದೊಡ್ಡಮ್ಮ?"

"ಹುಚ್ಚು ಹಿಡದಿರೋದು ನಮಗ. ಅವನಿಗಿರೋದು ಜಡ್ಡು. ನಡಿ ಸುಮ್ನ."

ಗಂಡನನ್ನು ಅಲ್ಲಿ ಸೇರಿಸಿದ ಮೇಲೆ, ಕುಡಿತ ಬಿಟ್ಟಾಗಿನ ಅವನ ಕೈನಡುಕ ನಿಲ್ಲುವವರೆಗೆ ವಾರ್ಡಿನ ಹೊರಗೆ ನನ್ನ ಜೊತೆ ಕೂತಳು. ಹೀಗೆ ವಾರಕ್ಕೆ ಒಬ್ಬಿಬ್ಬರನ್ನಾದರೂ ಪುಡಿಯವನ ಸಾಲಿನಿಂದ ಎಳೆದು ತರುತ್ತಿದ್ದಳು. "ಅವನ ಬಾಗ್ಲಿಗೆ ನಾಯಿ ಸೈತ ಬರಬಾರ್ದು, ಹಂಗ ಮಾಡ್ತೀನಿ" ಎನ್ನುತ್ತಿದ್ದಳು. ಕೇಳಿ ನನಗೂ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಒಂದು ಮಂಗಳವಾರ ಪುಡಿಯವನೇ ಅವಳ ಮುಂದೆ ಕೈಕಟ್ಟಿ ನಿಂತ. ಅವನ ಮಗನೂ ಕುಡಿದು ಬೀಳತೊಡಗಿದ್ದ.

"ಆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ರಿ ಅಮ್ಮ."

"ಯಾಕ? ನಿನ್ನ ಪುಡಿನ ಹಾಕು."

"ಬ್ಯಾಡ್ರಿ. ಅದ್ರಿಂದ ಜೀವ ಹೋಗ್ತೈತಿ."

"ಜೋರಾಗಿ ಹೇಳು. ಇವರಿಗೂ ಕೇಳ್ಲಿ."

ಸಾಲಿನಲ್ಲಿದ್ದ ಹೆಂಗಸರ ಮುಂದೆ ಮೂರು ಸಲ ಹೇಳಿಸಿದಳು. ಆಮೇಲೆ ಅವನ ಮಗನನ್ನು ಹೊಸಪೇಟೆಗೆ ಕರೆದುಕೊಂಡು ಹೋದಳು.

ನನಗೆ ಮೈಯೆಲ್ಲ ಉರಿಯಿತು. "ಸಾಯ್ಲಿ ಅಂತ ಬಿಡಬೇಕಿತ್ತು" ಎಂದೆ.

"ಸತ್ರ ನಾಕು ದಿನ ಅತ್ತು ಮರೀತಾನ. ಮಗ ಬದುಕಿ ದಿನಾ ಎದುರಿಗೆ ಕುಂತು ಉಣ್ಲಿ. ಆಗ ಇವನಿಗೆ ನನ್ ಮಗ ನೆನಪಾಗ್ತಾನ."

ದೊಡ್ಡಮ್ಮ ತೀರಿಕೊಂಡು ಎರಡು ವರ್ಷವಾಯಿತು. ನನ್ನ ಗಂಡ ಬದುಕಿರುವುದು ಅವಳ ಋಣದಲ್ಲಿ. ಮೊನ್ನೆ ಬಸ್ಸಿನಲ್ಲಿ ಪುಡಿಯವನ ಮಗ ಸಿಕ್ಕಿದ್ದ, ಚೆನ್ನಾಗಿ ಮೈಕೈ ತುಂಬಿಕೊಂಡಿದ್ದಾನೆ. "ಅಪ್ಪ ಹೆಂಗದಾನ?" ಎಂದು ಬೇಕೆಂದೇ ಕೇಳಿದೆ.

"ಅದಾನ್ರಿ. ಆದ್ರ ನಾ ಊಟಕ್ಕ ಕುಂತ್ರ ಸಾಕು, ತಾಟು ಬಿಟ್ಟು ಎದ್ದು ಹೊರಗ ಹೋಗ್ತಾನ. ಯಾಕಂತ ಕೇಳಿದ್ರ ಹೇಳಂಗಿಲ್ಲ" ಎಂದ.