ದೊಡ್ಡತ್ತೆ ಗದರದ ಶಾವಿಗೆ

ಇವತ್ತು ಮಧ್ಯಾಹ್ನ ಅಟ್ಟದಿಂದ ಶಾವಿಗೆ ಒರಳನ್ನು ಇಳಿಸಿದೆ. ಹೋದ ವರ್ಷ ತೊಳೆದು, ತುಕ್ಕು ಹಿಡಿಯದಿರಲೆಂದು ಹರಳೆಣ್ಣೆ ಸವರಿ, ಹಳೆಯ ಪಂಚೆಯಲ್ಲಿ ಸುತ್ತಿಟ್ಟದ್ದು. ಗಂಟು ಬಿಚ್ಚಿದ್ದೇ ತಡ, ಎಣ್ಣೆ, ಕಬ್ಬಿಣ, ಹಳೇ ಹಿಟ್ಟು ಮೂರೂ ಸೇರಿದ ವಾಸನೆಯೊಂದು ಮೂಗಿಗೆ ಬಡಿಯಿತು. ಹಬ್ಬ ಅಂದರೆ ನಿಮಗೆ ಮಲ್ಲಿಗೆಯ ವಾಸನೆಯೋ ಊದುಬತ್ತಿಯ ವಾಸನೆಯೋ ನೆನಪಾಗಬಹುದು. ನನಗೆ ಮಾತ್ರ ದೀಪಾವಳಿ ಅಂದರೆ ಈ ಹರಳೆಣ್ಣೆ. ಅದರ ಬೆನ್ನಿಗೇ ಕಿವಿಯಲ್ಲಿ ಒಂದು ದನಿಯೂ ಏಳುತ್ತದೆ: "ಲೋ, ಕಾಲ ತಗೀಬ್ಯಾಡ ಕಣ್ಲಾ, ಒರಳು ಮಗುಚ್ಕತದೆ!"

ಅದು ನಮ್ಮ ದೊಡ್ಡತ್ತೆಯ ದನಿ. ಅಪ್ಪನ ಅಕ್ಕ. ತೆರಕಣಾಂಬಿಯಲ್ಲಿ ಮನೆ, ಮನೆಯ ಹಿಂದೆ ಚೆಂಡುಹೂವಿನ ಹೊಲ. ಈ ಬದುವಿನಲ್ಲಿ ನಿಂತು ಆ ಬದುವಿನಲ್ಲಿ ಹೂ ಕೀಳುವವರ ಜೊತೆ ಮನೆ ಸುದ್ದಿ ಮಾತಾಡುವವಳಿಗೆ ಫೋನು ಯಾಕೆ ಬೇಕಿತ್ತು ಎಂಬುದು ನಮ್ಮೆಲ್ಲರ ಪ್ರಶ್ನೆ. ಗುಂಡ್ಲುಪೇಟೆಯ ನಮ್ಮ ಮನೆಗೆ ಅವಳ ಫೋನು ಬಂದರೆ ಅಪ್ಪ ಅದನ್ನು ಕಿವಿಗೆ ಇಟ್ಟುಕೊಳ್ಳುವುದಿಲ್ಲ. ಮೊಣಕಾಲಿನ ಮೇಲಿಟ್ಟುಕೊಂಡು, ನಡುನಡುವೆ ಅದರತ್ತ ಬಗ್ಗಿ "ಊಂ ಅಕ್ಕಾ" ಅನ್ನುತ್ತಾನೆ.

ನಮ್ಮ ಮನೆಯಲ್ಲಿ ದೀಪಾವಳಿಯ ಬೆಳಗಿನ ತಿಂಡಿ ಒತ್ತು ಶಾವಿಗೆ. ಅದು ಒಬ್ಬರಿಂದ ಆಗುವ ತಿಂಡಿಯಲ್ಲ. ಒರಳು ಅಂದರೆ ಇಲ್ಲಿ ರುಬ್ಬುವ ಕಲ್ಲಲ್ಲ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ನಡುವೆ ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ತೂತುತೂತಿನ ಬಿಲ್ಲೆ, ನೆತ್ತಿಯ ಮೇಲೆ ತಿರುಗಿಸುವ ಹಿಡಿ. ಕುದಿಯುವ ನೀರಿನಲ್ಲಿ ಬೆಂದ ಅಕ್ಕಿಹಿಟ್ಟಿನ ಉಂಡೆಗಳನ್ನು ಅವ್ವ ಎತ್ತಿ ಕೊಳವೆಗೆ ತುಂಬಬೇಕು. ಎಣ್ಣೆಸ್ನಾನ ಮುಗಿಸಿಯೂ ತಲೆಯಿಂದ ಎಣ್ಣೆ ಇಳಿಯುತ್ತಿರುವ ಅಪ್ಪ ಹಿಡಿ ತಿರುಗಿಸಬೇಕು. ಕೆಳಗೆ ಎಳೆಎಳೆಯಾಗಿ ಇಳಿಯುವ ಶಾವಿಗೆಯನ್ನು ತಂಗಿ ತಟ್ಟೆ ತಿರುಗಿಸುತ್ತಾ ಹಿಡಿಯಬೇಕು. ಒರಳು ಅಲ್ಲಾಡದಂತೆ ಅದರ ಕಾಲುಗಳ ಮೇಲೆ ತನ್ನ ಕಾಲಿಟ್ಟು ಕೂರಲು ಒಬ್ಬ ಬೇಕು. ಅದು ನಾನು. ವಿದ್ಯೆ ಬುದ್ಧಿ ಏನೂ ಬೇಡದ, ಬರೀ ತೂಕ ಇದ್ದರೆ ಸಾಕಾದ ಈ ಹುದ್ದೆಯಲ್ಲಿ ನಾನು ಹೈಸ್ಕೂಲಿನಿಂದಲೂ ಖಾಯಂ ನೌಕರ. ಐದನೆಯ ಕೆಲಸ ಗದರುವುದು. ಅದು ದೊಡ್ಡತ್ತೆಯದು.

ಗದರುವುದು ಒಂದು ಕೆಲಸವೇ ಎಂದು ನಗಬೇಡಿ. ಹಬ್ಬದ ದಿನ ಪೂಜೆಯಾಗಿ ಎಡೆ ಇಡುವವರೆಗೆ ನಮ್ಮಲ್ಲಿ ಯಾರೂ ಏನನ್ನೂ ಬಾಯಿಗಿಡುವಂತಿಲ್ಲ. ಉಪ್ಪು ಸರಿಯಾಗಿದೆಯೇ, ಉಂಡೆ ಬೆಂದಿದೆಯೇ ಎಂದು ನಾಲಿಗೆಯನ್ನು ಕೇಳುವಂತಿಲ್ಲ. ಎಲ್ಲವೂ ದೊಡ್ಡತ್ತೆಯ ಕಣ್ಣಳತೆ, ಅವಳ ಬಾಯಿ. ಉಂಡೆ ಬಿಸಿ ಇರುವಾಗಲೇ ಒತ್ತಬೇಕು, ಆರಿದರೆ ಕಲ್ಲು. ಹಾಗಾಗಿ ಆ ಅರ್ಧ ಗಂಟೆ ನಮ್ಮ ಅಡುಗೆಮನೆಯಲ್ಲಿ ಪೂರ್ಣವಿರಾಮವೇ ಇರುತ್ತಿರಲಿಲ್ಲ. "ಇಟ್ಟ ಸುರಿಯಮ್ಮಿ, ಗಂಟ ಕಟ್ಟುಸ್ಬ್ಯಾಡ, ಲೋ ತಮ್ಮ ಸುತ್ತುಲಾ, ಕೈಲಿ ಬಲ ಇಲ್ವಾ, ಕೂಸೇ ತಟ್ಟೆ ತಿರುಗ್ಸು, ಜಡೆ ಆಯ್ತಾ ಅದೆ!" ಆಮೇಲೆ ಎಲೆಯ ಮುಂದೆ ಕೂತು, ಕಾಯಿಹಾಲು ಸುರಿದುಕೊಂಡು, ಮೇಲೆ ಎಳ್ಳುಪುಡಿ ಉದುರಿಸಿ ಬಾಯಿಗಿಟ್ಟಾಗ ಬೈಸಿಕೊಂಡದ್ದೆಲ್ಲ ಸಿಹಿಯಾಗುತ್ತಿತ್ತು.

ಇನ್ನು ನನ್ನ ವಿಷಯ. ಹಗಲು ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸ. ಉಳಿದ ಹೊತ್ತೆಲ್ಲ ಮಿಮಿಕ್ರಿ, ಅಂದರೆ ಇನ್ನೊಬ್ಬರ ಗಂಟಲಿನಲ್ಲಿ ವಾಸ. ಬಂಡೀಪುರದ ಗೇಟಿನಲ್ಲಿ ಹೊತ್ತು ಮೀರಿ ಬಂದ ಕಾರುಗಳನ್ನು ವಾಪಸು ಕಳಿಸುವ ಗಾರ್ಡು, ಕನ್ನಡದಲ್ಲಿ ಶುರು ಮಾಡಿ ಮಲಯಾಳದಲ್ಲಿ ಮುಗಿಸುವ ತರಕಾರಿ ಲಾರಿಯ ಡ್ರೈವರು, ಬೀಜ ಮೊಳೆಯದಿದ್ದರೆ ನನ್ನನ್ನೇ ಹೂಳುತ್ತೇನೆನ್ನುವ ಗಿರಾಕಿ, ಎಲ್ಲರೂ ನನ್ನ ಬಾಯಲ್ಲಿದ್ದಾರೆ. ಹೆಣ್ಣು ನೋಡಲು ಹೋಗಿ, ಏನು ಕೆಲಸ ಎಂದು ಕೇಳಿದಾಗ ಮೂರು ಸಲ ಕೆಮ್ಮಿದ ನಾನೂ ಇದ್ದೇನೆ. ಆ ಐಟಂಗೆ ಚಪ್ಪಾಳೆ ಜಾಸ್ತಿ.

ಹೋದ ವರ್ಷ, ಶ್ರಾವಣದಲ್ಲಿ, ತಂಗಿಯ ನಿಶ್ಚಿತಾರ್ಥ ನಮ್ಮ ಮನೆಯ ಮುಂದೆಯೇ ಚಪ್ಪರ ಹಾಕಿ ನಡೆಯಿತು. ಬೀಗರು ಊಟ ಮುಗಿಸಿ ಕೂತಿದ್ದರು. ಮೈಕು ಖಾಲಿ ಇತ್ತು. ಖಾಲಿ ಮೈಕು ಕಂಡರೆ ನನಗೆ ಏನಾಗುತ್ತದೋ ದೇವರಿಗೇ ಗೊತ್ತು. ಗಾರ್ಡು ಆಯಿತು, ಡ್ರೈವರು ಆಯಿತು, ಮೊಣಕಾಲಿನ ಫೋನಿಗೆ ಬಗ್ಗುವ ಅಪ್ಪನೂ ಆಯಿತು. ಆಗಷ್ಟೇ ದೊಡ್ಡತ್ತೆ ಹೊಸ ಹಲ್ಲು ಸೆಟ್ಟು ಹಾಕಿಸಿಕೊಂಡಿದ್ದಳು. 'ಸ' ಬರುವ ಮಾತು ಆಡಿದಾಗಲೆಲ್ಲ ಹಲ್ಲಿನ ಸಂದಿಯಿಂದ ಸಣ್ಣದೊಂದು ಸೀಟಿ. ನಾನು ಅದನ್ನೂ ಮಾಡಿಬಿಟ್ಟೆ. ಶಾವಿಗೆ ಒತ್ತಿಸುವ ದೊಡ್ಡತ್ತೆ: "ಸ್ಸುತ್ತುಲಾ, ಸ್ಸರಿಯಾಗ್ ಸ್ಸುತ್ತು!" ಕುಕ್ಕರಿಗೂ ಅಷ್ಟು ಸೀಟಿ ಹಾಕಲು ಬರುವುದಿಲ್ಲ. ಬೀಗರ ಕಡೆಯವರು ಬಿದ್ದು ಬಿದ್ದು ನಕ್ಕರು. ಒಂದು ಮಗುವಂತೂ ದೊಡ್ಡತ್ತೆಯ ಎದುರಿಗೇ ಹೋಗಿ ನಿಂತು, "ಅಜ್ಜಿ, ಇನ್ನೊಂದ್ಸಲ ಸೀಟಿ ಊದು" ಅಂತು.

ದೊಡ್ಡತ್ತೆಯೂ ನಕ್ಕಳು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು. ಆ ಸೆರಗನ್ನು ಆಮೇಲೆ ಅವಳು ತೆಗೆಯಲೇ ಇಲ್ಲ.

ಮೊದಲು ನಮಗೆ ಗೊತ್ತಾಗಲಿಲ್ಲ. ಫೋನು ಕಡಿಮೆಯಾಯಿತು. ಬಂದರೂ ಅಪ್ಪ ಅದನ್ನು ಮೊಣಕಾಲಿನಿಂದ ಎತ್ತಿ ಕಿವಿಗೆ ಒತ್ತಿಕೊಂಡು "ಅಕ್ಕಾ, ಕೇಳಿಸ್ತಾ ಇಲ್ಲ" ಅನ್ನತೊಡಗಿದ. ಹೊಲದಲ್ಲಿ ಕೂಲಿಯವರನ್ನು ಕೈಸನ್ನೆಯಲ್ಲೇ ಕರೆಯುತ್ತಾಳೆ ಎಂದು ಯಾರೋ ಹೇಳಿದರು. ಒಂದು ದಿನ ನಮ್ಮ ಮನೆಗೆ ಬಂದವಳು ಬಾಗಿಲಲ್ಲೇ ಕುಸಿದು ಕೂತಳು. ತೆರಕಣಾಂಬಿಯಿಂದ ಗುಂಡ್ಲುಪೇಟೆಯವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದಳಂತೆ. ದೊಡ್ಡತ್ತೆ! ಬಸ್ಸಿನ ಸೀಟಿನ ಮೇಲೆ ಟವೆಲು ಹಾಕಿದವನಿಗೆ ಟವೆಲನ್ನೂ ಅವನ ವಂಶವನ್ನೂ ಒಟ್ಟಿಗೇ ಕೊಡವಿ ಕೊಡುತ್ತಿದ್ದವಳು. ಜಾಗ ಬಿಡಿ ಎಂದು ಕೇಳಬೇಕಾದರೆ ಬಾಯಿ ತೆರೆಯಬೇಕಲ್ಲ.

ಅಪ್ಪ ನನ್ನನ್ನು ಹಿತ್ತಲಿಗೆ ಕರೆದ. "ಅವ್ಳ ಬಾಯ ಕಿತ್ಕೊಂಡೋನು ನೀನು. ನೀನೇ ತಂದು ಕೊಡ್ಬೇಕು" ಅಂದ. ಅಷ್ಟೇ. ಬೈದಿದ್ದರೆ ಸುಲಭವಾಗುತ್ತಿತ್ತು.

ಮಾರನೆಯ ಭಾನುವಾರ ತೆರಕಣಾಂಬಿಗೆ ಹೋಗಿ, ಹೂವಿನ ಸಾಲಿನ ನಡುವೆ ನಿಂತು, "ಅತ್ತೆ, ತಪ್ಪಾಯ್ತು" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನ ಹಿಂದಿನಿಂದ ಮೆಲ್ಲಗೆ, "ಇದ್ಯಾರ ಗಂಟ್ಲಲಾ?" ಅಂದಳು. ಎಲ್ಲರ ದನಿ ತೆಗೆಯುವವನ ಕಷ್ಟ ನಿಮಗೆ ಹೇಗೆ ಹೇಳಲಿ? ನಿಜ ಹೇಳಿದರೂ ಯಾರದೋ ನಿಜದ ನಕಲು ಅಂದುಕೊಳ್ಳುತ್ತಾರೆ. ಬುಟ್ಟಿ ತುಂಬ ಹೂ ಕಿತ್ತುಕೊಟ್ಟು, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾದೆ.

ಹಾಗೆಯೇ ದೀಪಾವಳಿ ಬಂತು. ದೊಡ್ಡತ್ತೆ ಹಿಂದಿನ ಸಂಜೆಯೇ ಬಂದಿದ್ದಳು. ಬೆಳಗ್ಗೆ ಎಣ್ಣೆಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಇಟ್ಟುಕೊಂಡು, ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಳು. ಬಾಯಿಗೆ ಸೆರಗು.

"ಅತ್ತಿಗೆ, ನೀರ್ಗೆ ಉಪ್ಪು ಎಸ್ಟಾಕನ?" ಅವ್ವ ಕೇಳಿದಳು.

ದೊಡ್ಡತ್ತೆ ಎರಡು ಬೆರಳು ತೋರಿಸಿದಳು. ಎರಡು ಚಿಟಿಕೆಯೋ ಎರಡು ಚಮಚವೋ? ಅವ್ವ ನನ್ನತ್ತ ನೋಡಿದಳು, ನಾನು ಸೂರು ನೋಡಿದೆ.

ಮೊದಲ ಉಂಡೆಗಳನ್ನು ಅವ್ವ ಬೇಗ ಎತ್ತಿದಳು. ಇನ್ನೂ ಬೆಂದಿಲ್ಲ ಎಂದು ಹೇಳುವವರಿರಲಿಲ್ಲ. ಅಪ್ಪ ತಿರುಗಿಸಿದ; ಎಳೆಯ ಬದಲು ಅಕ್ಕಿನುಚ್ಚಿನಂತೆ ತುಂಡುತುಂಡು ಉದುರಿತು. ಎರಡನೆಯ ಸಲ ಯಾರು ಮೊದಲು ಏನು ಮಾಡಬೇಕೆಂದು ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಉಂಡೆ ಆರಿತು. ಹಿಡಿ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅಪ್ಪ ಉಸ್ಸೆಂದು ಕೂತ. ತಂಗಿ ಖಾಲಿ ತಟ್ಟೆಯನ್ನು ಸುಮ್ಮನೆ ತಿರುಗಿಸುತ್ತಲೇ ಇದ್ದಳು. ಮದುವೆಗೆ ಮುಂಚೆ ಈ ಮನೆಯಲ್ಲಿ ಅವಳ ಕೊನೆಯ ದೀಪಾವಳಿ ಅದು. ಪಾತ್ರೆಯಲ್ಲಿ ಇನ್ನು ಒಂದು ಸಲಕ್ಕೆ ಆಗುವಷ್ಟೇ ಹಿಟ್ಟು ಉಳಿದಿತ್ತು.

ದೊಡ್ಡತ್ತೆಯ ಕಣ್ಣು ಹಿಟ್ಟಿನ ಮೇಲೆಯೇ ಇತ್ತು. ಸೆರಗು ಜಾರಲಿಲ್ಲ.

ಆಗ ನಾನು ಬಾಯಿ ಬಿಟ್ಟೆ. ನಗಿಸಲು ಅಲ್ಲ, ಬೇರೆ ದಾರಿ ತೋಚಲಿಲ್ಲ. ಹದಿನೈದು ವರ್ಷ ಒರಳಿನ ಕಾಲು ಮೆಟ್ಟಿ ಕೂತು ನಾನು ಕೇಳಿದ್ದೆಲ್ಲ ಅವಳ ದನಿಯಲ್ಲಿಯೇ ನನ್ನೊಳಗಿತ್ತು. ಬೇರೆ ದನಿಯಲ್ಲಿ ನೆನಪಿಗೇ ಬರುವುದಿಲ್ಲ. ಸೀಟಿ ಇಲ್ಲದ, ಹಲ್ಲು ಸೆಟ್ಟಿಗೆ ಮುಂಚಿನ ದೊಡ್ಡತ್ತೆ: "ನೀರು ಕೊತಕೊತ ಅಂತಾ ಅದೆ, ಇಟ್ಟ ಸುರಿಯಮ್ಮಿ! ಒಂದೇ ದಿಕ್ಕ ತಿರುವು. ಉರಿ ತಗ್ಗುಸು, ಮುಚ್ಚುಳ ಮುಚ್ಚು." ಅವ್ವ ಒಂದು ಕ್ಷಣ ಬೆಚ್ಚಿದಳು, ಆಮೇಲೆ ಅವಳ ಕೈ ತಾನಾಗಿ ಓಡಿತು. ಅಪ್ಪ ಎದ್ದು ಹಿಡಿ ಹಿಡಿದ. ನಾನು ದೊಡ್ಡತ್ತೆಯ ಕಡೆ ನೋಡಲಿಲ್ಲ. ಉಂಡೆ ಕಟ್ಟಿದ್ದಾಯಿತು, ನೀರಿಗೆ ಬಿಟ್ಟದ್ದಾಯಿತು, ಬೆಂದು ತೇಲಿದ್ದಾಯಿತು. "ಈಗ ಎತ್ತಮ್ಮಿ, ಎತ್ತಿ ತಣ್ಣೀರ್ಗ ಬುಡು!" ಅಂದೆ.

"ಸ್ಸತ್ತೋಯ್ತು ಕಣ್ಲಾ ನಿನ್ ಸ್ಸಾವ್ಗೆ!"

ಅಡುಗೆಮನೆಯ ಪಾತ್ರೆಗಳೆಲ್ಲ ಒಮ್ಮೆ ಝಣ್ ಅಂದಂತಾಯಿತು. ದೊಡ್ಡತ್ತೆ ಎದ್ದು ಬಂದಿದ್ದಳು. "ತಣ್ಣೀರ್ಗ ಅದ್ದಬೇಕಾದ್ದು ಕೈಯ್ಯ ಕಣೋ, ಉಂಡೆಯಲ್ಲ! ಸ್ಸರಿ ಅತ್ಲಾಗೆ!" ಅವ್ವನ ಕೈಯಿಂದ ಸೌಟು ಕಿತ್ತುಕೊಂಡು, ಎರಡೂ ಕೈ ತಣ್ಣೀರಿಗೆ ಅದ್ದಿ, ಹಬೆಯಾಡುವ ಉಂಡೆಯನ್ನು ಎತ್ತಿ ಕೊಳವೆಗೆ ತುರುಕಿದಳು. ಆಮೇಲೆ ಅವಳಿಗೇ ತನ್ನ ಸೀಟಿ ಕೇಳಿಸಿತು ಅನ್ನಿಸುತ್ತದೆ. ಗಕ್ಕನೆ ನಿಂತಳು. ಬಲಗೈ ಸೆರಗಿನತ್ತ ಏರಿತು. ಮೊಣಕೈವರೆಗೆ ಹಿಟ್ಟು. ಎಡಗೈ ನೋಡಿದಳು, ಅದಕ್ಕೂ ಹಿಟ್ಟು. ಉಟ್ಟದ್ದು ಹಬ್ಬದ ಸೀರೆ.

ಒರಳಿನಲ್ಲಿ ಉಂಡೆ ಆರುತ್ತಿತ್ತು.

ದೊಡ್ಡತ್ತೆ ಒಂದು ಸಲ ನಮ್ಮ ಮುಖಗಳನ್ನು, ಒಂದು ಸಲ ಒರಳನ್ನು ನೋಡಿದಳು. ಒರಳೇ ಗೆದ್ದಿತು. "ಏನ್ ನೋಡಿಯಾ ತಮ್ಮ, ಸ್ಸುತ್ತುಲಾ!" ಅಂದಳು.

ಅಪ್ಪ ಸುತ್ತಿದ. ಎಳೆ ಇಳಿಯಿತು, ಬೆಳ್ಳಗೆ, ಉದ್ದಕ್ಕೆ, ಎಲ್ಲೂ ತುಂಡಾಗದೆ. ತಂಗಿಯ ತಟ್ಟೆ ತಿರುಗಿತು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಹಬೆಯಲ್ಲಿ ಗೊತ್ತಾಗಲಿಲ್ಲ. ಉಪ್ಪು ಜಾಸ್ತಿಯಾಗಿತ್ತು. ಎಡೆ ಇಟ್ಟ ಮೇಲೆ ತಿಂದಾಗ ಎಲ್ಲರಿಗೂ ತಿಳಿಯಿತು. ಎರಡು ಬೆರಳು ಅಂದರೆ ಎರಡು ಚಿಟಿಕೆಯಂತೆ. ಅವ್ವನನ್ನು ಅದಕ್ಕಾಗಿ ದೊಡ್ಡತ್ತೆ ಸಂಜೆಯವರೆಗೂ ಸೀಟಿ ಸಮೇತ ಬೈದಳು. ಅವ್ವ ಎಲೆಯಲ್ಲಿದ್ದ ಒಂದು ಎಳೆಯನ್ನೂ ಬಿಡಲಿಲ್ಲ.

ತಣ್ಣೀರಿನ ಮಾತನ್ನು ನಾನು ಬೇಕೆಂದೇ ತಪ್ಪಾಗಿ ಹೇಳಿದೆ ಎಂದು ಅಪ್ಪ ಇವತ್ತಿಗೂ ನಂಬಿದ್ದಾನೆ. ನೆಂಟರ ಮುಂದೆ ನನ್ನ ಬುದ್ಧಿಯನ್ನು ಹೊಗಳುತ್ತಾನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ. ನನಗೆ ಮರೆತುಹೋಗಿತ್ತು. ಅಷ್ಟು ವರ್ಷ ಕೂತಲ್ಲೇ ಕೂತಿದ್ದವನು ಕೇಳಿಸಿಕೊಂಡದ್ದು ದನಿಯನ್ನು, ಮಾತನ್ನು ಅರ್ಧವೇ.

ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸೆಟ್ಟು ಸರಿ ಮಾಡಿಸುತ್ತೇನೆ ಎಂದರೆ ದೊಡ್ಡತ್ತೆ ಒಪ್ಪುವುದಿಲ್ಲ. "ಬಯ್ಯಕ ಇದೇ ವಾಸಿ ಕಣ್ಲಾ, ದೂರುಕ್ಕ ಓಯ್ತದೆ" ಅನ್ನುತ್ತಾಳೆ. ಮೊನ್ನೆ ಫೋನು ಮಾಡಿದಳು. ತಂಗಿ ಈಗ ಚಾಮರಾಜನಗರದ ಸೊಸೆ. ಅವಳು ಗಂಡನ ಜೊತೆ ಬರುವುದು ಮಧ್ಯಾಹ್ನಕ್ಕೆ. ಹಾಗಾಗಿ ಈ ಸಲ ತಟ್ಟೆ ಹಿಡಿಯುವುದು ತಾನೇ ಎಂದಳು ದೊಡ್ಡತ್ತೆ.

"ಮತ್ತೆ ಗದರೋರು ಯಾರತ್ತೆ?"

"ನೀನೇ ಗದರು. ನನ್ ಗಂಟ್ಲಲ್ಲಿ ಬ್ಯಾಡ, ನಿನ್ ಗಂಟ್ಲಲ್ಲೇ ಗದರು. ನೋಡನ, ಯಂಗದೆ ಅಂತ."

ಇದೇನು ಮಹಾ ಅಂದುಕೊಂಡಿದ್ದೆ. ಒರಳು ಒರೆಸಿಟ್ಟು, ಹಿತ್ತಲಿನಲ್ಲಿ ಯಾರೂ ಇಲ್ಲದ್ದು ನೋಡಿ, ಸ್ವಲ್ಪ ಅಭ್ಯಾಸ ಮಾಡೋಣವೆಂದು "ನೀರಿಡವ್ವ" ಅಂದೆ. ಅದು ಅಪ್ಪನ ಹಾಗೆ ಬಂತು. ಇನ್ನೊಮ್ಮೆ ಅಂದೆ, ಬಂಡೀಪುರದ ಗಾರ್ಡು ಬಂದ. ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಮೂರನೆಯ ಸಲ ಅಂದೆ. ಸಣ್ಣದೊಂದು ದನಿ ಬಂತು. ಅಷ್ಟೇನೂ ಗಟ್ಟಿಯಿಲ್ಲ, ಕೊನೆಯಲ್ಲಿ ಸ್ವಲ್ಪ ನಡುಗುತ್ತದೆ. ಯಾರನ್ನೂ ಹೋಲುವುದಿಲ್ಲ.

ಒಳಗಿನಿಂದ ಅವ್ವ ಕೂಗಿದಳು: "ಯಾರಪ್ಪಾ ಅದು, ಹಿತ್ಲಲ್ಲಿ ಬಂದಿರೋರು?"

"ನಾನೇ ಕಣವ್ವ" ಅಂದೆ.