ಗಿಟಾರಿನ ಜೊತೆ ಹೋದ ಮಡಿಲಕ್ಕಿ

ಮರವಜ್ರ ಕುದಿಯುವ ವಾಸನೆ ಗೊತ್ತಿದ್ದವರಿಗೇ ಗೊತ್ತು. ಮೂಳೆ, ಚರ್ಮ ಬೇಯಿಸಿ ಮಾಡುವ ಆ ಮರಗೆಲಸದ ಅಂಟು ಬಿಸಿನೀರಲ್ಲಿ ಕರಗುತ್ತಿದ್ದರೆ ಮೂಗು ಮುಚ್ಚಿಕೊಂಡು ಓಡಬೇಕು, ಅಂಥ ನಾತ. ಈಗ ಡಬ್ಬಿಯ ಬಿಳಿ ಅಂಟು ಬಂದು ಆ ಕಷ್ಟ ತಪ್ಪಿದೆ. ಹೋದ ವಾರ ಪಾಂಡವಪುರದ ತಂಗಿ ಮನೆಗೆ ಹೋಗಿದ್ದೆ. ಪಕ್ಕದ ಮನೆಯ ಹಳೇ ಮಂಚ ರಿಪೇರಿಗೆ ಬಂದಿದ್ದ ಮುದುಕರೊಬ್ಬರು ಜಗಲಿಯಲ್ಲಿ ಸ್ಟೌ ಹಚ್ಚಿ ಅದನ್ನೇ ಕರಗಿಸುತ್ತಿದ್ದರು. ಕಿಟಕಿ ಮುಚ್ಚೇ ಅಂದಳು ತಂಗಿ. ನಾನು ಮುಚ್ಚಲಿಲ್ಲ, ಕಿಟಕಿ ಸರಳು ಹಿಡಿದು ಹಾಗೇ ನಿಂತುಬಿಟ್ಟೆ...

ತೊಂಬತ್ತರ ದಶಕದ ನಡುವೆ ನಾವು ಶ್ರೀರಂಗಪಟ್ಟಣದಲ್ಲಿದ್ದೆವು. ಹೊಸಹೊಳಲಿನಿಂದ ಮದುವೆಯಾಗಿ ಬಂದಿದ್ದೆ. ಗಂಡ ತಾಲ್ಲೂಕು ಕಚೇರಿಗೆ ಹೋದರೆ ನನಗೆ ಮಾತಾಡಲು ಗೋಡೆಯೇ ಗತಿ. ಎದುರು ಮನೆಯಲ್ಲಿ ಆಚಾರ್ರು, ಅವರ ಹೆಂಡತಿ ಇಬ್ಬರೇ ಇದ್ದರು. ಬಾಗಿಲು, ಕಿಟಕಿ ಮಾಡುವ ಬಡಗಿ. ಮೈಸೂರಿನ ವಾದ್ಯದಂಗಡಿಯವರು ಮುರಿದ ಹಾರ್ಮೋನಿಯಂ, ಗಿಟಾರುಗಳನ್ನೂ ಕಳಿಸುತ್ತಿದ್ದರಿಂದ ಅವುಗಳ ಒಳಗುಟ್ಟು ಅವರ ಕೈಗೆ ತಿಳಿದಿತ್ತು. ಮಾತು ಕಮ್ಮಿ. ನಾನು ವಟವಟ ಅನ್ನುತ್ತಿದ್ದರೆ ಉಜ್ಜುಗೊರಡು ಎಳೆಯುತ್ತಲೇ "ಊಂ ಕಣವ್ವ" ಅನ್ನುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ನರ್ಸ್ ತರಬೇತಿಗೆ ಹೋದವಳು ಚರ್ಚಿನಲ್ಲಿ ಗಿಟಾರು ನುಡಿಸುವ ಹುಡುಗನನ್ನು ಮೆಚ್ಚಿ ಮದುವೆಯಾಗಿ ಗೋವಾ ಸೇರಿದ್ದಳು. ಅಪ್ಪ ಮಾತು ಬಿಟ್ಟರು. ತಾಯಿ ತೀರಿಕೊಂಡ ದಿನ ಅವಳು ಬಸ್ಸಿಳಿದು ಅಳುತ್ತಾ ಓಡಿಬಂದಳು. ಆಚಾರ್ರು ಬಾಗಿಲಿಗೆ ಅಡ್ಡ ನಿಂತು, ತಾಯಿಯ ಮುಖವನ್ನೂ ತೋರಿಸದೆ ವಾಪಸ್ಸು ಕಳಿಸಿದರು. ಕಣ್ಣಾರೆ ಕಂಡವಳು ನಾನು. ಅಬ್ಬಾ, ಇದೆಂಥ ಕಲ್ಲುಹೃದಯ ಅಂತ ಬೈದುಕೊಂಡಿದ್ದೆ.

ಎರಡು ವರ್ಷವಾದ ಮೇಲೆ ಅವಳಿಗೆ ಮಗು ಆಯಿತೆಂಬ ಸುದ್ದಿ ಯಾರಿಂದಲೋ ಬಂತು. ಮಾರನೇ ದಿನದಿಂದ ಆಚಾರ್ರು ಗಿಟಾರು ಮಾಡಲು ಕೂತರು. ಪಾಲಹಳ್ಳಿಯಲ್ಲಿ ಕೆಡವಿದ ಮನೆಯೊಂದರ ಬೀಟೆ ಹಲಗೆ ತಂದು, ತೆಳ್ಳಗೆ ಸೀಳಿ, ನೆನೆಸಿ, ಬಿಸಿ ಕಬ್ಬಿಣದ ಕೊಳವೆಗೆ ಒತ್ತಿ ಒತ್ತಿ ಬಾಗಿಸಿ, ಅದೇ ಮರವಜ್ರ ಕುದಿಸಿ ಅಂಟಿಸುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಬೆರಳಲ್ಲಿ ಸವರಿಯೇ ಅಳತೆ ನೋಡುತ್ತಿದ್ದರು. ಏಳು ತಿಂಗಳು ಹಿಡಿಯಿತು. ಯಾರಿಗೆ ಆಚಾರ್ರೇ ಅಂತ ಕೇಳಿದರೆ ಒಂದು ದಿನ ಮಾತ್ರ ಬಾಯಿಬಿಟ್ಟರು. "ಬಾ ಅಂತ ಕರ್ಯಕೆ ನಂಗೆ ಮೊಕ ಎಲ್ಲದವ್ವ? ಇದು ನೆಟ್ಟಗೆ ಓಗಿ ಸೇರುದ್ರೆ, ಅವ್ಳೇ ಬತ್ತಾಳೆ."

ಕಳಿಸುವ ದಿನ ನಾನೂ ಜೊತೆಗಿದ್ದೆ. ಮೊದಲು ತಂತಿಗಳನ್ನೆಲ್ಲ ಸಡಿಲಿಸಿದರು. ಬಿಗಿದಿದ್ದರೆ ದಾರಿಯ ಬಿಸಿಲಿಗೆ ಕತ್ತನ್ನೇ ಎಳೆದು ಮುರಿಯುತ್ತದಂತೆ. ಹೆಂಡತಿಯ ಹಳೇ ನೂಲಿನ ಸೀರೆಗಳನ್ನು ಸುತ್ತಿದರು, ಕತ್ತಿನ ಕೆಳಗೆ ಬಟ್ಟೆಯ ದಿಂಬು ಕೊಟ್ಟರು. ತಾವೇ ಮಾಡಿದ ಹಲಗೆ ಪೆಟ್ಟಿಗೆಯಲ್ಲಿ ಮಲಗಿಸಿ ಸುತ್ತ ಒಣಹುಲ್ಲು ಒತ್ತಿದರು. ಮೊಳೆ ಹೊಡೆದರೆ ಸುತ್ತಿಗೆ ಏಟಿಗೆ ಬಿರುಕು ಬಿಟ್ಟೀತೆಂದು ಮುಚ್ಚಳಕ್ಕೆ ತಿರುಪೇ ಹಾಕಿ, ಪೆಟ್ಟಿಗೆ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. "ಒಳಗೆ ಏನೂ ಸದ್ದಾಗ್ಬಾರ್ದು ಕಣವ್ವ. ಸದ್ದಾದ್ರೆ ಒಡ್ಕಂಡೇ ಓಯ್ತದೆ." ಆಮೇಲೆ ಮುಚ್ಚಳ ಬಿಚ್ಚಿ, ಇಂಗ್ಲಿಷಿನಲ್ಲಿ ವಿಳಾಸ ಬರೆಯಲು ನನ್ನ ಕೈಗೆ ಕೊಟ್ಟು, ಆಟೋ ಕರೆತರಲು ಹೋದರು.

ಬಣ್ಣದ ಕುಂಚ ಹಿಡಿದು ವಿಳಾಸ ಬರೆದೆ. ಬರೆದು ಸುಮ್ಮನೆ ಇರಬಹುದಿತ್ತಲ್ಲ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ತವರಿಂದ ಹೆಣ್ಣುಮಗಳಿಗೆ ಹೋಗುತ್ತಿರುವ ಮೊದಲ ವಸ್ತು, ಬಾಣಂತನ ಮಾಡಲು ತಾಯಿ ಇಲ್ಲ, ಮಡಿಲು ತುಂಬುವವರು ಇಲ್ಲ, ಬರೀ ಮರದ ಪೆಟ್ಟಿಗೆ ಕಳಿಸುವುದೇ ಅನ್ನಿಸಿಬಿಟ್ಟಿತು. ಮನೆಗೆ ಓಡಿ ರವಿಕೆ ಕಣದಲ್ಲಿ ಅಕ್ಕಿ, ಬೆಲ್ಲದಚ್ಚು, ಅರಿಶಿನ ಕುಂಕುಮ, ಒಂದು ತೆಂಗಿನಕಾಯಿ ಗಂಟು ಕಟ್ಟಿ ತಂದೆ. ಎರಡು ಹಿಡಿ ಹುಲ್ಲು ತೆಗೆದು ಗಿಟಾರಿನ ಹೊಟ್ಟೆಯ ಪಕ್ಕ ಗಂಟು ತೂರಿಸಿ, ಮೇಲೆ ಹುಲ್ಲು ಮುಚ್ಚಿದೆ. ಗಂಡಸರಿಗೆ ಇದೆಲ್ಲ ಎಲ್ಲಿ ತಿಳಿಯುತ್ತೆ ಅಂತ ಒಳಗೊಳಗೇ ಬೀಗಿದೆ ಕೂಡ. ಆಚಾರ್ರು ಬಂದು ಹುಲ್ಲನ್ನು ಒಮ್ಮೆ ಅಂಗೈಯಲ್ಲಿ ಒತ್ತಿ ನೋಡಿ ಮುಚ್ಚಳ ಬಿಗಿದರು. ಪೆಟ್ಟಿಗೆ ಲಾರಿ ಆಫೀಸಿಗೆ ಹೋಯಿತು.

ತಿಂಗಳಾದ ಮೇಲೆ ಮಗಳ ಕಾಗದ ಬಂತು. ಪೊರೆ ಕಣ್ಣಿಗೆ ಅಕ್ಷರ ಕಾಣದು. ಆಚಾರ್ರು ಕೈ ಒರೆಸಿಕೊಂಡು ನನ್ನ ಮುಂದೆ ಕೂತು, ಓದವ್ವ ಅಂದರು. ನಾನು ಮೊದಲು ಕಣ್ಣಲ್ಲೇ ಓದಿದೆ. "ಅಪ್ಪಾ, ಗಿಟಾರು ಹೊಟ್ಟೆ ಒಡೆದು ಬಂತು. ಜೊತೆಗಿದ್ದ ತೆಂಗಿನಕಾಯಿ ಬಡಿದಿದೆ. ಹೋಗಲಿ ಬಿಡು. ನೀನು ನನಗೆ ಮಡಿಲು ತುಂಬಿದೆಯಲ್ಲ, ನಾನು ಮನೆಗೆ ಬರಬಹುದು ಅಂದ ಹಾಗಾಯಿತೇ? ಹೌದು ಅಂತ ಒಂದು ಸಾಲು ಬರೆ, ಮಗುವನ್ನು ಕರೆದುಕೊಂಡು ಬರುತ್ತೇನೆ."

ಏಳು ತಿಂಗಳ ಕೆಲಸ. ಓದಿದರೆ ಯಾವ ಕಾಯಿ, ಯಾರ ಕಾಯಿ ಅಂತ ಕೇಳುತ್ತಾರೆ... "ಗಿಟಾರು ಚೆನ್ನಾಗಿ ಬಂದು ಸೇರಿತು, ಎಲ್ಲರೂ ಕ್ಷೇಮ" ಅಂತ ಓದಿಬಿಟ್ಟೆ.

ಅವರ ಮುಖ ಅರಳಿತು. ಕಾಗದ ಇಸಿದುಕೊಂಡು ಮಡಿಚಿ ಜೇಬಿಗಿಟ್ಟು, "ಬತ್ತೀನಿ ಅಂತ ಏನಾರ ಬರ್ದವ್ಳಾ?" ಅಂದರು.

"ಇಲ್ಲ ಆಚಾರ್ರೇ."

ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ಅನ್ನುವುದು ಎಂಟು ತಿಂಗಳಾಯಿತು. ಅಷ್ಟೂ ದಿನ ಪೋಸ್ಟಿನವನ ಸೈಕಲ್ಲು ಬೀದಿಗೆ ಬಂದರೆ ಅವರು ಕೆಲಸ ನಿಲ್ಲಿಸಿ ತಲೆ ಎತ್ತುತ್ತಿದ್ದರು. ಅದು ದಾಟಿ ಹೋದ ಮೇಲೆ ನನ್ನ ಕಡೆ ತಿರುಗಿ, "ಬರಾಕಿಲ್ವೇನೋ ಅಲ್ವೇನವ್ವ?" ಅನ್ನುತ್ತಿದ್ದರು. ನಾನು ನೀರು ತರುವ ನೆಪ ಮಾಡಿ ಒಳಗೆ ಹೋಗುತ್ತಿದ್ದೆ. ಈಗಲೂ ಬಸ್ಸು ಹಳ್ಳಕ್ಕೆ ಬಿದ್ದು ಕುಲುಕಿದಾಗ ಎಲ್ಲೋ ಒಂದು ತೆಂಗಿನಕಾಯಿ ಉರುಳಿ ಬಡಿದ ಹಾಗಾಗಿ ಬೆಚ್ಚುತ್ತೇನೆ.

ಮಂಡ್ಯದಲ್ಲಿ ಕಣ್ಣಿನ ಶಿಬಿರ ನಡೆದಾಗ ನನ್ನ ಗಂಡನೇ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದರು. ಪಟ್ಟಿ ಬಿಚ್ಚಿದ ಮೇಲೆ ಆಚಾರ್ರು ಮೊದಲು ಏನು ಓದಿಯಾರು ಅಂತ ನನಗೆ ಹೊಳೆಯಲೇ ಇಲ್ಲ, ನೋಡಿ. ಒಂದು ಸಂಜೆ ಬಂದು ಜಗಲಿಯಲ್ಲಿ ಕೂತು ನನ್ನನ್ನು ಬಹಳ ಹೊತ್ತು ನೋಡಿದರು. ಕಾಫಿ ಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟು, ನನ್ನ ತಲೆ ಮೇಲೆ ಒಮ್ಮೆ ಕೈಯಿಟ್ಟು ಎದ್ದು ಹೋದರು. ಯಾವತ್ತೂ ಹಾಗೆ ಮಾಡಿದವರಲ್ಲ.

ಅದಾಗಿ ಹತ್ತು ದಿನಕ್ಕೆ ಕೆಲಸದ ಹಲಗೆಯ ಮೇಲೆ ತಲೆಯಿಟ್ಟು ಕೂತವರು ಏಳಲಿಲ್ಲ. ಎದೆನೋವಂತೆ. ಮಣ್ಣು ಮಾಡಿದ ಮಾರನೇ ದಿನ ಮಗಳು ಬಂದಳು. ಸುದ್ದಿ ತಿಳಿದು ಬಂದವಳಲ್ಲ. ಕಂಕುಳಲ್ಲಿ ಮಗು, ಕೈಯಲ್ಲಿ ಹಣ್ಣಿನ ಚೀಲ, ಮುಖದ ತುಂಬಾ ನಗು. ಬೀಗ ಹಾಕಿದ ಬಾಗಿಲು ನೋಡಿ ನಮ್ಮ ಮನೆಗೆ ಬಂದು, ಅಪ್ಪ ಎಲ್ಲಿ ಅಕ್ಕಾ ಅಂದಳು. ಆ ನಗುವಿಗೆ ನಾನು ಹೇಳಬೇಕಾಯಿತು.

ಅತ್ತು ಸುಸ್ತಾದ ಮೇಲೆ ಅಪ್ಪ ಬರೆದ ಕಾಗದ ತೆಗೆದು ನನ್ನ ಕೈಗಿತ್ತಳು. ಅವರದೇ ದಪ್ಪ ಅಕ್ಷರ. "ಕಾಯಿ ಇಟ್ಟವನು ನಾನೇ ಮಗಾ. ಬರೀ ಪೆಟ್ಟಿಗೆ ಕಳಿಸೋಕೆ ಮನಸ್ಸು ಬರಲಿಲ್ಲ. ಬುದ್ಧಿಯಿಲ್ಲದ ಕೆಲಸ ಆಯಿತು. ಕಣ್ಣಿರಲಿಲ್ಲ, ನಿನ್ನ ಕಾಗದ ಓದೋದು ತಡವಾಯಿತು. ಬಾ."

"ಒಡ್ದೋಯ್ತದೆ ಅಂತ ಅಪ್ಪಂಗೆ ಗೊತ್ತಿರ್ನಿಲ್ವಾ ಅಕ್ಕಾ? ಗೊತ್ತಿದ್ದೂ ಮಡ್ಲಕ್ಕಿ ಮಡ್ಗವ್ರೆ ನೋಡು" ಅಂತ ಮತ್ತೆ ಅಳತೊಡಗಿದಳು. ಅಷ್ಟು ಕಸುಬು ಬಲ್ಲ ಮನುಷ್ಯ, ನನ್ನ ದಡ್ಡತನವನ್ನು ತನ್ನ ಹೆಸರಿಗೆ ಬರೆದುಕೊಂಡು ಹೋಗಿದ್ದರು. ಕಾಗದ ಓದಿದವಳು ನಾನು ಅನ್ನುವುದನ್ನೂ ಬರೆದಿರಲಿಲ್ಲ. ನಾನು ಕಾಗದ ಮಡಿಚಿ ಅವಳ ಕೈಗೇ ವಾಪಸ್ಸು ಕೊಟ್ಟೆ.

ಇಪ್ಪತ್ತೈದು ವರ್ಷದ ಮೇಲಾಯಿತು. ಎದುರಿನ ಆ ಮನೆ ಈಗಿಲ್ಲ, ನಾವೂ ಆ ಊರು ಬಿಟ್ಟಾಗಿದೆ. ಅವಳು ಗೌರಿ ಹಬ್ಬಕ್ಕೆ ತಪ್ಪದೆ ಫೋನು ಮಾಡುತ್ತಾಳೆ. ಈ ಸಲವಾದರೂ ಹೇಳಬೇಕು ಅಂತ ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಹೇಳಿದರೆ ಅಪ್ಪ ತುಂಬಿದ ಮಡಿಲನ್ನು ಅವಳಿಂದ ಕಿತ್ತುಕೊಂಡ ಹಾಗಾಗುತ್ತದೆ, ಹೇಳದಿದ್ದರೆ ನನಗೆ ನೆಮ್ಮದಿಯಿಲ್ಲ... ಈ ವರ್ಷ ಮಾತು ಮುಗಿಸುವ ಹೊತ್ತಿಗೆ ಕೇಳಿದಳು, "ಆ ಎಂಟು ತಿಂಗ್ಳು ಅಪ್ಪ ಯಾವತ್ತಾರ ನನ್ ಸುದ್ದಿ ಎತ್ತುತಿದ್ರಾ ಅಕ್ಕಾ?"

"ದಿನಾ ಕೇಳ್ತಿದ್ರು ಕಣಮ್ಮ," ಅಂದೆ. "ಬತ್ತಾಳಾ, ಬತ್ತಾಳಾ ಅಂತ ನನ್ನನ್ನೇ ಕೇಳ್ತಿದ್ರು."