ಮರಗಟ್ಟಿದ ಅಂಗೈಯಲ್ಲಿ ಎರಡು ಲಿಂಗ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದವನು ನಾನು. ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಅಚ್ಚು ಮಾಡುವ ಕೆಲಸ ನನ್ನದು. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಮಾತ್ರ ನಿಜ ಎನ್ನುವ ಸ್ವಭಾವ. ಈಗ ಬರೆಯುತ್ತಿರುವುದೂ ಕೈಗೆ ಸಿಕ್ಕಿದ್ದರ ಬಗ್ಗೆಯೇ. ನೀವು ನಂಬಲೇಬೇಕೆಂದೇನಿಲ್ಲ.

ಎಂಬತ್ತರ ದಶಕದ ಮಾತು. ಸೈಕಲ್ಲಿನಿಂದ ಬಿದ್ದ ಮೇಲೆ ನನ್ನ ಎಡಭುಜದ ಕೀಲು ಮೇಲಿಂದ ಮೇಲೆ ತಪ್ಪುತ್ತಿತ್ತು. ಅದು ಸರಿಹೋಗದಿದ್ದರೆ ಕೆಲಸ ಹೋದಂತೆಯೇ. ಡಾಕ್ಟರು ಎರಡು ದಾರಿ ಹೇಳಿದರು. ಪೂರ್ತಿ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡಿದರೆ, ಆಮೇಲೆ ನೋವಿಗೆ ಗುಳಿಗೆ ನುಂಗುತ್ತ ಎರಡು ದಿನ ಆಸ್ಪತ್ರೆಯಲ್ಲೇ ಮಲಗಬೇಕು. ಕತ್ತಿನ ಬುಡದಲ್ಲಿ, ನರಗಳ ಹತ್ತಿರ ಸೂಜಿ ಚುಚ್ಚಿ ತೋಳನ್ನಷ್ಟೇ ಮರಗಟ್ಟಿಸಿದರೆ ಸಂಜೆಯ ತನಕ ನೋವು ತಿಳಿಯುವುದಿಲ್ಲ, ಅಂದೇ ಖಾನಾಪುರದ ಮನೆಗೆ ಮರಳಬಹುದು. ನಾನು ಸೂಜಿಯನ್ನೇ ಆರಿಸಿದೆ. ಕತ್ತಿನಲ್ಲಿ ಏನೂ ಇರಬಾರದು ಎಂದಿದ್ದರು. ಹೊರಡುವಾಗ ಕೊರಳಲ್ಲಿದ್ದ ಇಷ್ಟಲಿಂಗದ ಕರಡಿಗೆ ಬಿಚ್ಚಿದೆ.

"ಮೈಮ್ಯಾಲಿನ ಲಿಂಗ ಹಿಂಗ ಬಿಚ್ಚಿಡ್ತಾರೇನೋ?" ಎಂದು ಅಪ್ಪ ಗದರಿದ.

"ಒಂದ್ ದಿವಸ ದೇವರ ಜಗಲಿ ಮ್ಯಾಲ ಇರ್ಲಿ ಬಿಡಪಾ, ಎಲ್ಲಿ ಓಡಿ ಹೋಗ್ತದ?" ಎಂದು ನಗೆಯಾಡಿ, ಹೆಂಡತಿ ಶಾಂತಾಳೊಂದಿಗೆ ಹೊರಟೆ.

ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ತೋಳು ಯಾರದೋ ಆಗಿಹೋಯಿತು. ಕೊಯ್ದದ್ದೂ ಗೊತ್ತಾಗಲಿಲ್ಲ. ಆದರೆ ಹೊಲಿಗೆ ಹಾಕುವಾಗ, ನನ್ನ ಎಡಗೈ ಪೂಜೆಗೆ ಕೂತಾಗಿನಂತೆ ಎದೆಯ ಮುಂದೆ ಎದ್ದಿದೆ, ತೆರೆದ ಅಂಗೈ ಮೇಲೆ ತಣ್ಣನೆಯ ಭಾರವಿದೆ ಅನ್ನಿಸಿತು. ಒಂದಲ್ಲ, ಎರಡು ಲಿಂಗ, ಒಂದಕ್ಕೊಂದು ತಾಗಿಕೊಂಡು. ಕಣ್ಣು ಹೊರಳಿಸಿ ನೋಡಿದರೆ ಕೈ ಪಕ್ಕದಲ್ಲಿ ಬಿದ್ದಿತ್ತು, ಬರಿಗೈ.

ಮರಳುವಾಗ ಬಸ್ಸಿನಲ್ಲೂ ಆ ಭಾರ ಹೋಗಲಿಲ್ಲ. ಶಾಂತಾಳಿಗೆ ಹೇಳಿದೆ.

"ಎರಡ್ ಲಿಂಗಾ? ಇಂಜೆಕ್ಷನ್ ನಶಾ ಇರ್ಬೇಕ್ರಿ, ಸುಮ್ನ ಕುಂದರ್ರಿ" ಎಂದಳು.

ಮನೆಯಲ್ಲಿ ಅವ್ವ ಅಪ್ಪನ ಎಡತೋಳಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು.

"ನೀ ಹ್ವಾದ ಮ್ಯಾಲ ನಿನ್ನ ಲಿಂಗಾ, ತಮ್ದೂ ಎರಡೂ ಕೂಡೇ ಅಂಗೈಯಾಗ ಹಿಡ್ಕೊಂಡು ಪೂಜಾಕ ಕುಂತವ್ರು, ಈಗ ಎದ್ದಾರ ನೋಡು. ಕೈ ಜೋಮು ಹಿಡದು ಏಳವಲ್ದು" ಎಂದಳು.

ಅವರವರ ಲಿಂಗ ಅವರವರ ಅಂಗೈಯಲ್ಲೇ ಇರಬೇಕು ಎಂದು ಜೀವಮಾನವಿಡೀ ಹಟ ಹಿಡಿದ ಮನುಷ್ಯ ಅಪ್ಪ. ಶಾಂತಾ ನನ್ನ ಮುಖ ನೋಡಿದಳು. ನನಗೆ ಅಳು ಬಂತು.

"ಗಂಡಸಾಗಿ ಅಳ್ತೀಯೇನೋ, ಬಾ ಇಲ್ಲಿ" ಎಂದು ಅಪ್ಪ ಆ ಕೈಯನ್ನು ಹೇಗೋ ಎತ್ತಿ ಕರಡಿಗೆಯನ್ನು ನನ್ನ ಕೊರಳಿಗೆ ಕಟ್ಟಿದ. ಕಟ್ಟುತ್ತಿದ್ದಂತೆ ನನ್ನ ಬೆರಳುಗಳಲ್ಲಿ ಮುಳ್ಳು ಚುಚ್ಚಿದಂತಾಯಿತು. ಹಿಂದೆಯೇ ನೋವೂ ಬಂತು. ಮದ್ದಿನ ಹೊತ್ತು ಮುಗಿದಿರಬಹುದು.

ಮರಗಟ್ಟಿದ ಕೈ ಎದ್ದಂತೆ ಅನ್ನಿಸುವುದು ಹಲವರಿಗೆ ಉಂಟು ಎಂದು ಆಮೇಲೆ ಡಾಕ್ಟರು ಹೇಳಿದರು. ಎರಡು ಲಿಂಗ ಹೇಗೆ ಎಂದು ಕೇಳಿದ್ದಕ್ಕೆ ನಕ್ಕು, ಹೊಲಿಗೆ ಬಿಚ್ಚತೊಡಗಿದರು.

ಕೈ ಉಳಿಯಿತು, ಕೆಲಸವೂ ಉಳಿಯಿತು. ಅಪ್ಪ ಈಗಿಲ್ಲ. ಬೆಳಿಗ್ಗೆ ಲಿಂಗ ಹಿಡಿದು ಕೂತಾಗ ಈಗಲೂ ಯೋಚಿಸುತ್ತೇನೆ: ಅಂದು ಡಾಕ್ಟರು ಮರಗಟ್ಟಿಸಿದ್ದು ಯಾರ ಕೈಯನ್ನು?